ಬಾನಿಯ ನೀರು

“ನೀರು ಎಂದರೆ ನೀರೇ ತಾನೆ, ಅದರಲ್ಲಿ ಆರಿಸಿಕೊಳ್ಳುವುದೇನಿದೆ?” ಎಂದು ಕೇಳುವವರು ತಮ್ಮನ್ನು ತಾವೇ ಸ್ವಲ್ಪ ಗಮನಿಸಿಕೊಳ್ಳಬೇಕು. ಚೈತ್ರದ ಮಧ್ಯಾಹ್ನ ಮಣ್ಣಿನ ಹೂಜಿಯನ್ನು ಹುಡುಕಿಕೊಂಡು ಹೋಗುವವರೂ ಅವರೇ, ಪುಷ್ಯಮಾಸದ ಮುಂಜಾನೆ ಬಚ್ಚಲೊಲೆಯ ಮುಂದೆ ಕೈ ಕಾಯಿಸುತ್ತ ಬಿಸಿ ಕಾಫಿಗೆ ಕಾಯುವವರೂ ಅವರೇ. ಬಾಯಾರಿಕೆ ಒಂದೇ; ಹೊರಗಿನ ಹವೆ ಬದಲಾದೊಡನೆ ನಾಲಗೆ ಬೇಡುವ ನೀರು ಬೇರೆಯಾಗುತ್ತದೆ. ಮನುಷ್ಯನಿಗೆ ಮಾತಿದೆ, ಕೇಳುತ್ತಾನೆ. ಕಾಲಿದೆ, ಎದ್ದು ಹೋಗಿ ತಂದುಕೊಳ್ಳುತ್ತಾನೆ. ಕಾಡಿನ ಮೃಗಕ್ಕೆ ಮಾತಿಲ್ಲದಿದ್ದರೂ ಕಾಲಿದೆ. ಗೊಂತಿಗೆ ಕಟ್ಟಿದ ಹಸುವಿಗೆ ಇವೆರಡೂ ಇಲ್ಲ.

ಈ ವಾರದ ಮಾತು ಆ ಹಸುವಿನಿಂದಲೇ ಆರಂಭವಾಗಲಿ. ಪ್ರಾಣಿಗಳು ನೀರನ್ನು ಆರಿಸುತ್ತವೆಂಬ ಸಂಗತಿಯನ್ನು ನಾನು ಪುಸ್ತಕದಿಂದ ಕಲಿಯಲಿಲ್ಲ. ಒಂದು ಹಸುವಿಗೆ ಕಷ್ಟ ಕೊಟ್ಟು ಕಲಿತೆ. ಪುಸ್ತಕ ತೆರೆದದ್ದು ಆಮೇಲೆ.

ನನ್ನ ಚಿಕ್ಕಮ್ಮನ ಮನೆ ಆಲೂರಿಗೂ ಸಕಲೇಶಪುರಕ್ಕೂ ನಡುವಣ ಗುಡ್ಡಗಳಲ್ಲಿದೆ. ಹಾಸನದಿಂದ ಮಂಗಳೂರಿನ ದಾರಿ ಹಿಡಿದು ಪಶ್ಚಿಮಕ್ಕೆ ಹೊರಟವರು ಆ ಸೀಮೆಯನ್ನು ನೋಡಿಯೇ ಇರುತ್ತಾರೆ. ಬಯಲು ಮುಗಿದು ನೆಲ ಏರಿಳಿಯತೊಡಗುತ್ತದೆ. ತಗ್ಗಿನಲ್ಲಿ ಭತ್ತದ ಗದ್ದೆ, ಏರಿನಲ್ಲಿ ಕಾಫಿ, ಕಾಫಿಗೆ ನೆರಳಾಗಿ ಸಿಲ್ವರ್ ಓಕ್, ಆ ಮರಗಳ ಮೈಗೆ ಮೆಣಸಿನ ಬಳ್ಳಿ. ಮೂಡಿಗೆರೆಯ ಕಡೆ ಹುಟ್ಟಿದ ಹೇಮಾವತಿ ಸಕಲೇಶಪುರದ ಮಗ್ಗುಲಲ್ಲಿ ಹಾದು ಗೊರೂರಿನ ಅಣೆಕಟ್ಟಿನತ್ತ ಸಾಗುತ್ತಾಳೆ. ಸಕಲೇಶಪುರ ಸಮುದ್ರಮಟ್ಟಕ್ಕಿಂತ ಸುಮಾರು 950 ಮೀಟರು ಎತ್ತರದಲ್ಲಿದೆ. ಅಲ್ಲಿಯ ಮಳೆ ಲೋಕಪ್ರಸಿದ್ಧ. ಚಳಿಗೆ ಅಷ್ಟು ಹೆಸರಿಲ್ಲ. ಆದರೆ ಧನುರ್ಮಾಸದ ನಿರಭ್ರವಾದ ರಾತ್ರಿಗಳಲ್ಲಿ ನೆಲದ ಕಾವೆಲ್ಲ ಆಕಾಶಕ್ಕೆ ಸೋರಿಹೋಗುತ್ತದೆ. ಬೆಳಗಿನ ಜಾವ ಉಷ್ಣತೆ 13-14 ಡಿಗ್ರಿಗೆ ಇಳಿಯುವುದೂ, ಅದೇ ದಿನ ಮಧ್ಯಾಹ್ನ ಕಾಫಿ ಒಣಗಿಸುವ ಕಣದಲ್ಲಿ ನಿಂತವನು ಬೆವರುವುದೂ ಅಲ್ಲಿ ಅಪರೂಪವಲ್ಲ.

ಇಪ್ಪತ್ತು ವರ್ಷಗಳ ಹಿಂದೆ, ಹೊಸದಾಗಿ ಸಂಬಳ ಎಣಿಸತೊಡಗಿದ್ದ ಉತ್ಸಾಹದಲ್ಲಿ, ಚಿಕ್ಕಮ್ಮನ ಕಷ್ಟವೊಂದನ್ನು ಪರಿಹರಿಸಬೇಕೆಂದು ನಾನು ಸಂಕಲ್ಪ ಮಾಡಿದೆ. ಅವರ ಮನೆಯ ಹಿಂದೆ ಕಲ್ಲು ಕಟ್ಟಿದ ಹಳೆಯ ಬಾವಿ. ಮನೆಗೆ, ಬಚ್ಚಲಿಗೆ, ಕೊಟ್ಟಿಗೆಗೆ ಎಲ್ಲಕ್ಕೂ ಅದೇ ನೀರು. ಕಾಫಿ ಕೊಯ್ಲಿನ ದಿನಗಳಲ್ಲಿ ಆಳುಕಾಳು ತೋಟದಲ್ಲಿರುವಾಗ ದನಗಳ ಬಾನಿ ತುಂಬಿಸುವ ಕೆಲಸ ಚಿಕ್ಕಮ್ಮನ ರಟ್ಟೆಗೇ ಬೀಳುತ್ತಿತ್ತು. ಗುಡ್ಡದ ಮೇಲೆ ಒಂದು ಒರತೆಯುಂಟು. ಅಲ್ಲಿಂದ ಕಪ್ಪು ಪ್ಲಾಸ್ಟಿಕ್ ಪೈಪಿನಲ್ಲಿ ನೀರಿಳಿಸಿ, ಕೊಟ್ಟಿಗೆಯ ಪಕ್ಕದಲ್ಲಿ ಕಂಬಗಳ ಮೇಲೆ ಸಿಮೆಂಟಿನ ತೊಟ್ಟಿ ಕಟ್ಟಿಸಿ, ತೊಟ್ಟಿಯಿಂದ ಕಲ್ಲುಬಾನಿಯವರೆಗೆ ನಲ್ಲಿ ಹಾಕಿಸಿದೆ. ನಲ್ಲಿ ತಿರುಗಿಸಿದೊಡನೆ ನೀರು ಧುಮುಕಿದಾಗ ಚಿಕ್ಕಮ್ಮ, “ಒಳ್ಳೇದಾಯ್ತು ಕಣಪ್ಪ, ನನ್ನ ರಟ್ಟೆ ಉಳೀತು” ಎಂದರು. ದನ ಕಾಯುವ ಮುದುಕ ಮಾತ್ರ ಬಾನಿಯಲ್ಲಿ ಕೈಯದ್ದಿ ನೋಡಿ, “ನೀರು ಬಂತು ಸ್ವಾಮಿ, ದನ ಬರಬೇಕಲ್ಲ” ಎಂದ. ಹಳಬರ ಅಭ್ಯಾಸವೇ ಹೀಗೆ ಎಂದುಕೊಂಡು ನಾನು ಬೆಂಗಳೂರಿಗೆ ಮರಳಿದೆ.

ಕೊಟ್ಟಿಗೆಯಲ್ಲಿ ಆಗ ಇದ್ದದ್ದು ಒಂದೆರಡು ಮಲೆನಾಡು ಗಿಡ್ಡಗಳು ಮತ್ತು ಗೌರಿಯೆಂಬ ಜರ್ಸಿ ಮಿಶ್ರತಳಿಯ ಹಸು. ದೀಪಾವಳಿ ಕಳೆದ ಮೇಲೆ ಕರು ಹಾಕಿದ್ದ ಗೌರಿ ದಿನಕ್ಕೆ ಎಂಟು ಲೀಟರು ಹಾಲು ಕೊಡುತ್ತಿದ್ದಳು. ಆ ಹಾಲಿನ ಹಣದಿಂದಲೇ ಚಿಕ್ಕಮ್ಮನ ಮಗಳ ಹಾಸ್ಟೆಲಿನ ಖರ್ಚು ಸಾಗುತ್ತಿತ್ತು. ನಾನು ಹೊರಟ ವಾರದೊಳಗೆ ಹಾಲು ಆರು ಲೀಟರಿಗೆ ಇಳಿಯಿತು. ಹತ್ತು ದಿನಕ್ಕೆ ನಾಲ್ಕಾಯಿತು. ಆಮೇಲೆ ಸಗಣಿ ಗಟ್ಟಿಯಾಗಿ, ಮೆಲುಕು ನಿಂತು, ಹಸು ಗೋಡೆಯತ್ತ ಮುಖ ಮಾಡಿ ನಿಂತುಬಿಟ್ಟಿತು. ಚಿಕ್ಕಮ್ಮ ದೂರವಾಣಿಯಲ್ಲಿ ಹೇಳಿದ ಧ್ವನಿ ಕೇಳಿ ಶನಿವಾರದ ಬಸ್ಸಿಗೇ ಹೊರಟೆ.

ಪಶುವೈದ್ಯರು ಬಂದಾಗ ನಾನೂ ಕೊಟ್ಟಿಗೆಯಲ್ಲಿದ್ದೆ. ಹೊಟ್ಟೆಯ ಮೇಲೆ ಕೈಯಿಟ್ಟು ನೋಡಿದ ಅವರು ಕೇಳಿದ ಮೊದಲನೆಯ ಪ್ರಶ್ನೆ, “ನೀರು ಕುಡಿಯುತ್ತಿದೆಯೆ?”

“ಬಾನಿ ಯಾವಾಗಲೂ ತುಂಬಿರುತ್ತದೆ” ಎಂದೆ ನಾನು, ಸ್ವಲ್ಪ ಹೆಮ್ಮೆಯಿಂದಲೇ.

“ಬಾನಿಯಲ್ಲಿರುವುದನ್ನು ನಾನು ಕೇಳಲಿಲ್ಲ. ಹೊಟ್ಟೆಗೆ ಹೋದದ್ದನ್ನು ಕೇಳಿದೆ.”

ಯಾರಿಗೂ ಗೊತ್ತಿರಲಿಲ್ಲ. ಬಾವಿಯಿಂದ ಸೇದಿ ಹಾಕುವಾಗ ಯಾವ ದನ ಎಷ್ಟು ಕುಡಿಯಿತೆಂಬ ಲೆಕ್ಕ ಚಿಕ್ಕಮ್ಮನ ಕೈಗೆ ಗೊತ್ತಾಗುತ್ತಿತ್ತು. ನಲ್ಲಿ ಬಂದ ಮೇಲೆ ಆ ಲೆಕ್ಕ ತಪ್ಪಿತು. ಬಾನಿ ತುಂಬಿರುವುದು ದನ ಕುಡಿಯದೆ ಇರುವುದರ ಗುರುತೂ ಆಗಬಹುದೆಂದು ಯಾರಿಗೂ ಹೊಳೆಯಲಿಲ್ಲ.

ವೈದ್ಯರು ಔಷಧ ಕೊಟ್ಟು ಹೊರಡುವ ಮುನ್ನ ವಿವರಿಸಿ ಹೇಳಿದರು. ಕೊಯ್ಲು ಮುಗಿದ ಹೊಸ ಹುಲ್ಲು ದನಕ್ಕೆ ಹೊಟ್ಟೆತುಂಬ ಸಿಗುವ ಕಾಲವಿದು. ಮಳೆಗಾಲದ ಹಸಿ ಹುಲ್ಲಿನಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ನೀರೇ ಇರುತ್ತದೆ. ಆಗ ದನ ಬಾನಿಯನ್ನು ಮೂಸದಿದ್ದರೂ ಚಿಂತೆಯಿಲ್ಲ. ಒಣಹುಲ್ಲಿನಲ್ಲಿರುವ ನೀರು ಹತ್ತರಲ್ಲಿ ಒಂದು ಪಾಲಿನಷ್ಟು. ತಿಂದ ಒಣಹುಲ್ಲು ಹೊಟ್ಟೆಯಲ್ಲಿ ನೆನೆದು ಹುದುಗಬೇಕಾದರೆ ನೀರು ಬೇಕೇ ಬೇಕು. ಹಾಲಿನಲ್ಲೂ ನೂರಕ್ಕೆ 87 ಪಾಲು ನೀರು. ಇಂಥ ಹೊತ್ತಿನಲ್ಲಿ ರಾತ್ರಿಯೆಲ್ಲ ಆಕಾಶದಡಿ ತಣಿದ ತೊಟ್ಟಿಯ ನೀರನ್ನು ಮುಂದಿಟ್ಟಿರಿ. ಎರಡು ಗುಟುಕು ಕುಡಿದು ಅದು ತಲೆಯೆತ್ತಿತು. ಹೊಸ ಸಿಮೆಂಟಿನ ಸುಣ್ಣದ ವಾಸನೆಯೂ ಸೇರಿರಬಹುದು. “ಕುಡಿಯುವುದಿಲ್ಲವೆಂದು ಹಟ ಹಿಡಿದದ್ದಲ್ಲ. ಬೇಕಾದದ್ದಕ್ಕಿಂತ ದಿನವೂ ಸ್ವಲ್ಪ ಸ್ವಲ್ಪ ಕಡಿಮೆ ಕುಡಿದಿದೆ, ಅಷ್ಟೆ.”

ಚಿಕ್ಕಮ್ಮ ಬಚ್ಚಲ ಹಂಡೆಯಿಂದ ಬಿಸಿನೀರು ತೋಡಿ, ಬಾವಿಯ ನೀರು ಬೆರೆಸಿ, ಮೊಣಕೈ ಅದ್ದಿ ನೋಡಿ, ಒಂದು ಹಿಡಿ ಬೂಸಾ ಮತ್ತು ಚಿಟಿಕೆ ಉಪ್ಪು ಹಾಕಿ ಹಸುವಿನ ಮುಂದಿಟ್ಟರು. ಗೌರಿ ಮೂತಿ ಇಳಿಸಿದವಳು ಬಕೆಟ್ಟು ಬರಿದಾಗುವವರೆಗೂ ತಲೆಯೆತ್ತಲಿಲ್ಲ. ಸಂಜೆಯೊಳಗೆ ಇನ್ನೆರಡು ಬಕೆಟ್ಟು. ಮೂರನೆಯ ದಿನ ಮೆಲುಕು ಹಾಕಿದಳು. ಬದುಕಿದಳು, ಆದರೆ ಆ ಸೂಲಿನಲ್ಲಿ ಹಾಲು ಮೊದಲಿನ ಮಟ್ಟಕ್ಕೆ ಏರಲೇ ಇಲ್ಲ. ಆ ವರ್ಷದ ಹಾಸ್ಟೆಲಿನ ಉಳಿದ ಕಂತುಗಳನ್ನು ನಾನು ಕಟ್ಟಿದೆ. ಅದನ್ನು ಉಪಕಾರವೆಂದು ಹೇಳಿಕೊಳ್ಳುವ ಮುಖ ನನಗಿರಲಿಲ್ಲ.

ಕಥೆ ಇಲ್ಲಿಗೆ ಮುಗಿಯಲಿಲ್ಲ. ಫಾಲ್ಗುಣದಲ್ಲಿ ಮತ್ತೆ ಹೋದೆ. ಮಧ್ಯಾಹ್ನ ಮೇವಿನಿಂದ ಹಿಂದಿರುಗಿದ ದನಗಳು ಬಾನಿಯ ಬಳಿಗೆ ಬಂದು, ಮೂಸಿ, ಮುಖ ತಿರುವಿ, ಗದ್ದೆಯ ಬದಿಯ ಕೆಸರುಗುಂಡಿಯತ್ತ ನಡೆದವು. ನಲ್ಲಿಗೆ ಕೈಯೊಡ್ಡಿದೆ, ಬಿಸಿ! ಬಿಸಿಲಿನಲ್ಲಿ ಬಿದ್ದಿದ್ದ ಕಪ್ಪು ಪೈಪು ಒಲೆಯ ಕೆಲಸವನ್ನೇ ಮಾಡಿತ್ತು. ಈ ಸಲ ನಾನು ಒಂದು ತಾಪಮಾಪಕವನ್ನು ಕೊಂಡೊಯ್ದಿದ್ದೆ. ನಲ್ಲಿಯ ನೀರು 43 ಡಿಗ್ರಿ. ಹಸುವಿನ ಮೈಯ ಕಾವು 38.5. ಬಾವಿಯಿಂದ ಸೇದಿದ ನೀರು 22. ಮುಂದಿನ ಮಾಗಿಯಲ್ಲಿ ಬೆಳಗಿನ ಆರು ಗಂಟೆಗೆ ಅಳೆದಾಗ ತೊಟ್ಟಿಯ ನೀರು 14. ಬಾವಿಯ ನೀರು ಆಗಲೂ 22ರ ಆಸುಪಾಸು!

* * *

ಬಾವಿಯ ನೀರು ಚಳಿಯಲ್ಲಿ ಬೆಚ್ಚಗೆ, ಬೇಸಗೆಯಲ್ಲಿ ತಣ್ಣಗೆ ಇರುತ್ತದೆಂದು ನಮ್ಮ ಮನೆಗಳಲ್ಲಿ ಹೇಳುವುದನ್ನು ವಾಚಕರು ಕೇಳಿದ್ದೀರಿ. ಬದಲಾಗುವುದು ನಮ್ಮ ಮೈ, ನೀರಲ್ಲ. ಹಗಲಿನ ಬಿಸಿಲು ನೆಲದೊಳಗೆ ಇಳಿಯುವುದು ಬಲು ನಿಧಾನ. ಒಂದು ದಿನದ ಕಾವು ಒಂದೆರಡು ಅಡಿಯೊಳಗೇ ಅಡಗುತ್ತದೆ. ವರ್ಷದ ಏರಿಳಿತವೂ ಆಳಕ್ಕೆ ಇಳಿದಂತೆ ಸಣ್ಣದಾಗುತ್ತ ಹಲವು ಮೀಟರುಗಳ ಕೆಳಗೆ ಇಲ್ಲವೆನ್ನುವಷ್ಟಾಗುತ್ತದೆ. ಅಲ್ಲಿಯ ನೀರಿನ ಉಷ್ಣತೆ ಆ ಊರಿನ ಇಡೀ ವರ್ಷದ ಸರಾಸರಿಗೆ ಹತ್ತಿರವಾಗಿ ನಿಲ್ಲುತ್ತದೆ. ಆಲೂರು-ಸಕಲೇಶಪುರಗಳಂಥ ಎತ್ತರದ ಊರುಗಳಲ್ಲಿ ಅದು 20ಕ್ಕೂ 25ಕ್ಕೂ ನಡುವೆ.

ಈಗ ಇನ್ನೊಂದು ಲೆಕ್ಕವನ್ನು ಇದರ ಪಕ್ಕಕ್ಕಿಡೋಣ. ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿಯು 2001ರಲ್ಲಿ ಹೈನುರಾಸುಗಳ ಪೋಷಣೆಯನ್ನು ಕುರಿತು ಪ್ರಕಟಿಸಿದ ಗ್ರಂಥವು ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿ, ಆಯ್ಕೆ ಸಿಕ್ಕಿದರೆ ಹಸುಗಳು ಅತಿ ತಣ್ಣಗಿನ ಅಥವಾ ಅತಿ ಬಿಸಿಯ ನೀರಿಗಿಂತ 17ರಿಂದ 28 ಡಿಗ್ರಿಯ ನೀರನ್ನು ಮೆಚ್ಚುತ್ತವೆಂದು ಹೇಳುತ್ತದೆ. ಚಿಕ್ಕಮ್ಮನ ಬಾವಿ ಮಾಗಿಯಲ್ಲೂ ಬೇಸಗೆಯಲ್ಲೂ ಆ ಎರಡು ಅಂಕಿಗಳ ನಟ್ಟನಡುವೆ ಕುಳಿತಿತ್ತು. ನನ್ನ ತೊಟ್ಟಿ ಒಂದು ಕಾಲದಲ್ಲಿ ಕೆಳಗಿನ ಗಡಿಯನ್ನೂ ಇನ್ನೊಂದು ಕಾಲದಲ್ಲಿ ಮೇಲಿನ ಗಡಿಯನ್ನೂ ದಾಟಿತ್ತು. ಸುಧಾರಣೆಯ ಹೆಸರಿನಲ್ಲಿ ನಾನು ಮಾಡಿದ್ದು ಇಷ್ಟೇ.

ಹಿಮ ಬೀಳುವ ದೇಶಗಳಲ್ಲಿ ದನಗಳು ಇದಕ್ಕಿಂತ ಎಷ್ಟೋ ತಣ್ಣಗಿನ ನೀರು ಕುಡಿದು ಬದುಕುವುದಿಲ್ಲವೆ ಎಂದು ಕೇಳಬಹುದು. ಬದುಕುತ್ತವೆ, ಆದರೆ ಅದರ ಬೆಲೆಯನ್ನು ಮೈ ತೆರುತ್ತದೆ. ಒಂದು ಲೀಟರು ನೀರಿನ ಉಷ್ಣತೆಯನ್ನು ಒಂದು ಡಿಗ್ರಿ ಏರಿಸಲು ಒಂದು ಕಿಲೊಕ್ಯಾಲೊರಿ ಬೇಕು. ದಿನಕ್ಕೆ 40 ಲೀಟರು ಕುಡಿಯುವ ಹಸುವಿಗೆ 14 ಡಿಗ್ರಿಯ ನೀರು ಕೊಟ್ಟರೆ, ಅದನ್ನು ಮೈಯ ಕಾವಿಗೆ ತರಲು ಸುಮಾರು 980 ಕಿಲೊಕ್ಯಾಲೊರಿ ಬೇಕಾಗುತ್ತದೆ. ಅದು ಒಂದೂವರೆ ಲೀಟರು ಹಾಲಿನಲ್ಲಿರುವ ಶಕ್ತಿ. ಹೊಟ್ಟೆತುಂಬ ತಿಂದು ಬೆಚ್ಚಗೆ ಒಣನೆಲದಲ್ಲಿ ನಿಂತ ಹಸುವಿಗೆ ಇದು ದೊಡ್ಡ ನಷ್ಟವಲ್ಲ, ಏಕೆಂದರೆ ಮೇವು ಹುದುಗುವಾಗ ಹುಟ್ಟುವ ಕಾವು ಹೇಗೂ ಮಿಗುತ್ತದೆ. ಬಡಕಲಾದ, ನೆನೆದ, ಗಾಳಿಗೆ ನಿಂತ ಹಸುವಿಗಾದರೋ ಅದು ಗಂಟಿನಿಂದಲೇ ತೆರುವ ಸುಂಕ. ಬೇಸಗೆಯಲ್ಲಿ ಇದೇ ಲೆಕ್ಕ ತಿರುಗುಮುರುಗಾಗುತ್ತದೆ. ಕಾವನ್ನು ಹೊರಹಾಕಲು ಒದ್ದಾಡುವ ಮೈಗೆ ತಂಪು ನೀರು ವರದಾನ. ಅಮೆರಿಕದಲ್ಲಿ ನಡೆದು 1990ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ಸೆಕೆಯಲ್ಲಿ ಸುಮಾರು 10 ಡಿಗ್ರಿಯ ನೀರು ಕುಡಿದ ಹಸುಗಳು ಹೆಚ್ಚು ತಿಂದು ಹೆಚ್ಚು ಹಾಲು ಕೊಟ್ಟವು. ತಮಾಷೆಯೆಂದರೆ, ಎರಡೂ ಬಗೆಯ ನೀರನ್ನು ಎದುರಿಗಿಟ್ಟಾಗ ಅವು ಹೆಚ್ಚಾಗಿ ಬಾಯಿಟ್ಟದ್ದು 27 ಡಿಗ್ರಿಯದಕ್ಕೆ! ಮೈಗೆ ಹಿತವಾದದ್ದೂ ನಾಲಗೆಗೆ ರುಚಿಸಿದ್ದೂ ಯಾವಾಗಲೂ ಒಂದೇ ಆಗಿರುವುದಿಲ್ಲವೆಂಬ ವಿಷಯದಲ್ಲಿ ಹಸುಗಳಿಗೂ ನಮಗೂ ಹೆಚ್ಚು ಅಂತರವಿದ್ದಂತಿಲ್ಲ.

ಕುಡಿಯುವ ಪ್ರಮಾಣವಾದರೂ ಹವೆಯನ್ನು ತಪ್ಪದೆ ಹಿಂಬಾಲಿಸುತ್ತದೆ. 1956ರಲ್ಲಿ ವಿಂಚೆಸ್ಟರ್ ಮತ್ತು ಮಾರಿಸ್ ಎಂಬ ವಿಜ್ಞಾನಿಗಳು ದನಗಳು ಕುಡಿಯುವ ನೀರನ್ನು ಲೆಕ್ಕ ಹಾಕಿ ಪ್ರಕಟಿಸಿದ ಪಟ್ಟಿಗಳು ಬಹುಕಾಲ ಬಳಕೆಯಲ್ಲಿದ್ದವು. ತಣ್ಣನೆಯ ಹವೆಯಲ್ಲಿ ತಿಂದ ಒಂದು ಕಿಲೊ ಒಣಮೇವಿಗೆ ಮೂರು ಲೀಟರಿಗೆ ಸ್ವಲ್ಪ ಮೇಲ್ಪಟ್ಟು ನೀರು ಸಾಕಾಗುತ್ತದೆ. ಉಷ್ಣತೆ 30 ಡಿಗ್ರಿ ದಾಟಿದರೆ ಅದು ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ.

ಹಾಗಾದರೆ ತಣ್ಣೀರಿಗೆ ಎರಡು ಗುಟುಕಿನಲ್ಲೇ ಗೌರಿ ತಲೆಯೆತ್ತಿದ್ದೇಕೆ? ಇದಕ್ಕೆ ಉತ್ತರದ ಸುಳಿವು ಸಿಕ್ಕಿದ್ದು ಇಲಿಗಳಿಂದ. ಬಾಯಾರಿದ ಇಲಿಗಳು ಒಂದು ತೊಟ್ಟು ನೀರೂ ಇಲ್ಲದ ಗಾಳಿಯ ಧಾರೆಯನ್ನು ಮತ್ತೆಮತ್ತೆ ನೆಕ್ಕುತ್ತವೆಂದೂ, ನಾಲಗೆ ತಂಪಾಗುವುದೇ ಅವಕ್ಕೆ ಸಿಗುವ ಸುಖವೆಂದೂ 1970ರಲ್ಲಿ ತಿಳಿದುಬಂತು. ಎರಡು ವರ್ಷಗಳ ಬಳಿಕ ಇನ್ನೊಂದು ಪ್ರಯೋಗವು ಇಲಿಗಳು ಎಷ್ಟು ಕುಡಿಯುತ್ತವೆಂಬುದರ ಮೇಲೂ ನಾಲಗೆಯ ತಂಪಿನ ಹಿಡಿತವುಂಟೆಂದು ತೋರಿಸಿತು. ತಣ್ಣೀರು ಬೇಗ ತೃಪ್ತಿ ಕೊಡುವುದರಿಂದ ಅವು ಅದನ್ನು ಬೇಗನೆ ಸಾಕುಮಾಡುತ್ತವೆ. 2016ರಲ್ಲಿ ಕ್ಯಾಲಿಫೋರ್ನಿಯದ ವಿಜ್ಞಾನಿಗಳು ಚಿಟ್ಟಿಲಿಗಳ ಮಿದುಳಿನಲ್ಲಿ ಬಾಯಾರಿಕೆಯನ್ನು ಹುಟ್ಟಿಸುವ ನರಕೋಶಗಳನ್ನೇ ಗಮನಿಸಿದರು. ಕುಡಿದ ನೀರು ರಕ್ತಕ್ಕೆ ಸೇರುವ ಎಷ್ಟೋ ಮೊದಲು, ನಿಮಿಷದೊಳಗೆ, ಆ ಕೋಶಗಳು ಸುಮ್ಮನಾಗುತ್ತಿದ್ದವು. ಬಾಯಿಗೆ ತಂಪು ತಗಲಿಸಿದ ಮಾತ್ರಕ್ಕೂ ಅವುಗಳ ಗಲಾಟೆ ತಗ್ಗುತ್ತಿತ್ತು. ಅಂದರೆ ಬಾಯಿಯ ತಂಪು ಮಿದುಳಿಗೆ “ನೀರು ಬಂತು, ಸಮಾಧಾನವಾಗಿರು” ಎಂದು ಮುಂಗಡವಾಗಿಯೇ ಹೇಳಿಬಿಡುತ್ತದೆ. ಬೇಸಗೆಯಲ್ಲಿ ಈ ಮಾತಿನ ಮೇಲೂ ಮೈಯ ಬೇಡಿಕೆ ಉಳಿದಿರುತ್ತದೆ. ಮತ್ತೆ ಬಂದು ಕುಡಿಯುತ್ತದೆ. ಮಾಗಿಯ ಮುಂಜಾನೆ ಮೊದಲೇ ಮಂದವಾದ ದಾಹವು ಆ ಮಾತನ್ನೇ ನಂಬಿ ಮಲಗಿಬಿಡುತ್ತದೆ. ಗೌರಿಯ ಹೊಟ್ಟೆ ಒಣಗಿದ್ದೂ ಇದೇ ಬಗೆಯಲ್ಲಿರಬೇಕೆಂದು ನನ್ನ ಊಹೆ.

* * *

ಹಸುವನ್ನು ಬಿಟ್ಟು ತೋಟದೊಳಗೆ ನಾಲ್ಕು ಹೆಜ್ಜೆ ಹಾಕಿದರೆ ಇದೇ ಆಯ್ಕೆ ಬೇರೆ ಬೇರೆ ವೇಷಗಳಲ್ಲಿ ಕಾಣುತ್ತದೆ. ಅಂಗಳದ ಕೋಳಿಗೆ ಬೆವರಿಲ್ಲ. ಸೆಕೆಯಲ್ಲಿ ಕೊಕ್ಕು ತೆರೆದು ಏದುಸಿರು ಬಿಡುವುದೇ ಅದರ ಬೀಸಣಿಗೆ. ಹಿತವಾದ ಹವೆಯಲ್ಲಿ ತಿಂದ ಕಾಳಿನ ತೂಕದ ಸುಮಾರು ಎರಡರಷ್ಟು ನೀರು ಕುಡಿಯುವ ಕೋಳಿ ಕಡುಬೇಸಗೆಯಲ್ಲಿ ಅದರ ಎಷ್ಟೋ ಪಾಲು ಹೆಚ್ಚು ಕುಡಿಯುತ್ತದೆ. ಆದರೆ ಬಿಸಿಲಿನಲ್ಲಿಟ್ಟ ತಟ್ಟೆಯ ಕಾದ ನೀರಿಗೆ ಬಾಯಿಡಲು ಹಿಂಜರಿಯುತ್ತದೆ. ಬಿಸಿಲೆಯ ಕಾಡಿನ ಕಪ್ಪೆಗಳಿಗೆ ಕುಡಿಯಲು ಬಾಯಿಯೇ ಬೇಕಾಗಿಲ್ಲ. ಹೊಟ್ಟೆಯ ಕೆಳಭಾಗದ ತೆಳುವಾದ ಚರ್ಮವನ್ನು ಒದ್ದೆ ನೆಲಕ್ಕೆ ಒತ್ತಿ ಕುಳಿತರೆ ನೀರು ಮೈಯೊಳಗೆ ಇಳಿಯುತ್ತದೆ. ಎಲ್ಲಿ ಕುಳಿತುಕೊಳ್ಳಬೇಕೆಂಬುದೇ ಅವುಗಳ ಪಾಲಿಗೆ ಯಾವ ನೀರನ್ನು ಕುಡಿಯಬೇಕೆಂಬ ಪ್ರಶ್ನೆ.

ಜೇನ್ನೊಣದ ವಿಚಾರ ಇನ್ನೂ ಸ್ವಾರಸ್ಯವಾದದ್ದು. ಹೂಮಳೆ ಬಿದ್ದು ಎಂಟು-ಹತ್ತು ದಿನಗಳಲ್ಲಿ ಕಾಫಿತೋಟವೆಲ್ಲ ಮಲ್ಲಿಗೆಯಂತೆ ಬೆಳ್ಳಗಾಗುವಾಗ, ಜೇನ್ನೊಣಗಳು ಮಕರಂದಕ್ಕೆ ಹೋದಷ್ಟೇ ಶ್ರದ್ಧೆಯಿಂದ ನೀರಿಗೂ ಹೋಗುತ್ತವೆ. ಮರಿಗಳಿರುವ ಗೂಡಿನ ನಡುಭಾಗ 34-35 ಡಿಗ್ರಿಯಲ್ಲಿರಬೇಕು. ಸೆಕೆ ಏರಿದರೆ ತಂದ ನೀರನ್ನು ಕಣಗಳ ಮೇಲೆ ಹನಿಹನಿಯಾಗಿ ಹರಡಿ ರೆಕ್ಕೆ ಬೀಸಿ ಆರಿಸುತ್ತವೆ. ಜರ್ಮನಿಯ ಮಾರ್ಟಿನ್ ಲಿಂಡಾವರ್ 1950ರ ದಶಕದಲ್ಲಿ ಇಟಲಿಯ ಕಾದ ಲಾವಾಬಂಡೆಗಳ ಮೇಲೆ ಜೇನುಪೆಟ್ಟಿಗೆಯನ್ನಿಟ್ಟು ನೋಡಿದರು. ಹೊರಗೆ ಬೆಂಕಿಯಂಥ ಬಿಸಿಲಿದ್ದರೂ ನೀರು ಸಿಗುತ್ತಿರುವಷ್ಟು ಕಾಲ ನೊಣಗಳು ಒಳಗಿನ ಕಾವನ್ನು 35ರ ಬಳಿಯೇ ಹಿಡಿದಿಟ್ಟವು. ಚಳಿಯ ದಿನ ಸಮಸ್ಯೆ ಬೇರೆ. ನೀರು ಹೀರುವ ನೊಣದ ಮೈ ತಣಿದರೆ ಹಾರುವ ಸ್ನಾಯುಗಳು ಕೆಲಸ ಮಾಡುವುದಿಲ್ಲ. ಮನೆಗೆ ಮರಳುವುದೇ ಕಷ್ಟ. ಆಸ್ಟ್ರಿಯದ ಗ್ರಾಜ್ ವಿಶ್ವವಿದ್ಯಾನಿಲಯದ ವಿಜ್ಞಾನಿಗಳು 2010ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ನೀರು ಹೀರುವಾಗಲೂ ಜೇನ್ನೊಣವು ತನ್ನ ಸ್ನಾಯುಗಳನ್ನು ನಡುಗಿಸಿ ಎದೆಯನ್ನು ಬೆಚ್ಚಗಿಟ್ಟುಕೊಳ್ಳುತ್ತದೆ. ಬಿಸಿಲು ಸಿಕ್ಕರೆ ಆ ಖರ್ಚಿನಲ್ಲಿ ಒಂದು ಪಾಲನ್ನು ಉಳಿಸಿಕೊಳ್ಳುತ್ತದೆ. ಹರಿಯುವ ತಣ್ಣನೆಯ ತೊರೆಯನ್ನು ಬಿಟ್ಟು ಬಿಸಿಲು ಬಿದ್ದ ಒದ್ದೆಮಣ್ಣಿನ ಅಂಚಿನಲ್ಲಿ ನೊಣಗಳು ಮುತ್ತಿಕೊಂಡಿರುವುದನ್ನು ಕಂಡರೆ, ಅವಕ್ಕೆ ರುಚಿ ತಿಳಿಯದೆಂದು ನಗಬೇಡಿ.

ಕೊನೆಯದಾಗಿ ಆ ಗುಡ್ಡಗಳ ಹಿರಿಯ ಅತಿಥಿ. ಆನೆಯ ಮೈಗೆ ಕಾಲುಗುರುಗಳ ಸುತ್ತ ಬಿಟ್ಟರೆ ಬೆವರಿನ ಗ್ರಂಥಿಗಳು ಇಲ್ಲವೆನ್ನಬೇಕು. ಅಷ್ಟು ದೊಡ್ಡ ದೇಹದಲ್ಲಿ ಹುಟ್ಟಿದ ಕಾವನ್ನು ಕಿವಿಯ ರಕ್ತನಾಳಗಳ ಮೂಲಕ ಗಾಳಿಗೆ ಬಿಡಬೇಕು. ಸುಕ್ಕುಗಟ್ಟಿದ ಚರ್ಮದಲ್ಲಿ ನೀರನ್ನೂ ಕೆಸರನ್ನೂ ಹಿಡಿದು ಆರಿಸಬೇಕು. ಹವೆ ಬಿಸಿಯಾದಂತೆ ಆನೆಯ ಚರ್ಮದಿಂದ ಆವಿಯಾಗಿ ಹೋಗುವ ನೀರು ಕಡಿದಾಗಿ ಏರುತ್ತದೆಂದು, ಆಫ್ರಿಕದ ಹಾಗೂ ಏಷ್ಯದ ಆನೆಗಳೆರಡನ್ನೂ ಪರೀಕ್ಷಿಸಿದ ಅಧ್ಯಯನವೊಂದು 2013ರಲ್ಲಿ ತೋರಿಸಿತು. ದಿನಕ್ಕೆ 100 ಲೀಟರಿಗೂ ಮೀರಿ ಕುಡಿಯುವ ಪ್ರಾಣಿಗೆ ಬೇಸಗೆಯಲ್ಲಿ ನೀರಿನ ನೆನಪೇ ದಾರಿಯ ನಕ್ಷೆ.

ಫೆಬ್ರುವರಿ-ಮಾರ್ಚಿನಲ್ಲಿ ಸಣ್ಣ ಹಳ್ಳಗಳು ಬತ್ತುವ ಹೊತ್ತಿಗೆ ಆಲೂರು-ಸಕಲೇಶಪುರಗಳ ತೋಟಗಳಲ್ಲಿ ಕೆರೆಗಳು ತುಂಬಿರುತ್ತವೆ. ಹೂಮಳೆ ಕೈಕೊಟ್ಟರೆ ಕಾಫಿಗೆ ತುಂತುರು ನೀರು ಹಾಯಿಸಲೆಂದು ಬೆಳೆಗಾರರು ಉಳಿಸಿಕೊಂಡ ನೀರದು. ಹಗಲೆಲ್ಲ ಕಾಫಿಯ ನೆರಳು, ಸಂಜೆಗೆ ಕೆರೆಯ ನೀರು: ಆನೆಗೆ ಇದಕ್ಕಿಂತ ಅನುಕೂಲವಾದ ಬಿಡಾರ ಬೇರೆ ಯಾವುದು? ಆದರೆ ಅದೇ ದಾರಿಯಲ್ಲಿ ತೋಟದ ಕೆಲಸಗಾರರೂ ಶಾಲೆಯ ಮಕ್ಕಳೂ ನಡೆಯುತ್ತಾರೆ. ಎಷ್ಟೋ ಮನೆಗಳಲ್ಲಿ ಇದು ಕಣ್ಣೀರಿನ ಕಥೆಯಾಗಿದೆ. 2014ರಲ್ಲಿ ಆಲೂರಿನ ಕಡೆಯಿಂದ ಒಂದು ಹಿಂಡನ್ನೇ ಹಿಡಿದು ಸಾಗಿಸಿದರು; ಆದರೂ ಆ ಗುಡ್ಡಗಳಲ್ಲಿ ಆನೆಗಳ ಓಡಾಟ ನಿಲ್ಲಲಿಲ್ಲ. ಮೈಸೂರು ದಸರೆಯಲ್ಲಿ ಎಂಟು ಬಾರಿ ಚಿನ್ನದ ಅಂಬಾರಿ ಹೊತ್ತ ಅರ್ಜುನ, 2023ರ ಡಿಸೆಂಬರ್ 4ರಂದು ಸಕಲೇಶಪುರ ತಾಲ್ಲೂಕಿನ ಯಸಳೂರು ವಲಯದಲ್ಲಿ ಕಾಡಾನೆಯನ್ನು ಹಿಡಿಯುವ ಕಾರ್ಯಾಚರಣೆಯಲ್ಲಿ ಸೆಣಸಿ ಮಡಿದದ್ದನ್ನು ನಾಡೆಲ್ಲ ದುಃಖದಿಂದ ಕೇಳಿತು. ಈ ಬಿಕ್ಕಟ್ಟಿಗೆ ನೀರೊಂದೇ ಕಾರಣವಲ್ಲ. ಕಾಡು ತುಂಡಾದದ್ದು, ಗದ್ದೆಯ ಭತ್ತ, ತೋಟದ ಬಾಳೆ, ಹಲಸು ಎಲ್ಲವೂ ಸೇರಿವೆ. ಆದರೂ ಬಿಸಿಲು ಏರಿದ ದಿನ ಆನೆ ಕೆರೆಯ ದಾರಿ ಹಿಡಿಯುತ್ತದೆಂಬ ತಿಳಿವಳಿಕೆ ಸಣ್ಣದಲ್ಲ. ಅಂಥ ಸಂಜೆ ಕೆರೆಯ ಏರಿಯ ಮೇಲೆ ನಡೆಯದಿರುವುದರಿಂದ ಒಂದು ಜೀವ ಉಳಿಯಬಹುದು.

ಚಿಕ್ಕಮ್ಮನ ಕೊಟ್ಟಿಗೆಯಲ್ಲಿ ಈಗ ಹೊಸ ವ್ಯವಸ್ಥೆಯಿದೆ. ಬಾವಿಗೆ ಸಣ್ಣ ಪಂಪು ಹಾಕಿದ್ದೇವೆ. ಎರಡಡಿ ಆಳದಲ್ಲಿ ಹೂತ ಪೈಪಿನಲ್ಲಿ ನೀರು ನೇರವಾಗಿ ಬಾನಿಗೆ ಬರುತ್ತದೆ. ಬಾನಿಯ ಮೇಲೆ ಹೆಂಚಿನ ಮಾಡು. ದನ ಕುಡಿಯುವ ಹೊತ್ತಿಗೆ ತುಂಬಿಸುವುದೇ ಹೊರತು ಮೊದಲೇ ತುಂಬಿಸಿಡುವುದಿಲ್ಲ. ಕರು ಹಾಕಿದ ಹಸುವಿಗೆ ಮಾಗಿಯಲ್ಲಿ ಹಂಡೆಯ ನೀರು ಬೆರೆಸುವ ಪದ್ಧತಿಯನ್ನು ಚಿಕ್ಕಮ್ಮ ಬಿಟ್ಟಿಲ್ಲ. ಬಿಡಿಸುವ ಧೈರ್ಯ ನನಗೂ ಇಲ್ಲ. ಗೌರಿ ಆಮೇಲೆ ಮೂರು ಸೂಲು ಕಂಡು, ವಯಸ್ಸಾಗಿ, ಅದೇ ಕೊಟ್ಟಿಗೆಯಲ್ಲಿ ಕಣ್ಣುಮುಚ್ಚಿದಳು.

ಪಟ್ಟಣದ ವಾಚಕರ ಮನೆಯಲ್ಲಿ ಬಾನಿಯಿರಲಾರದು. ಆದರೆ ತಾರಸಿಯ ಮೇಲೆ ಹಕ್ಕಿಗಳಿಗೆಂದು ಇಟ್ಟ ಬಟ್ಟಲಿರಬಹುದು, ಬಾಗಿಲಲ್ಲಿ ನಾಯಿಯ ತಟ್ಟೆಯಿರಬಹುದು. ಈ ಬೇಸಗೆಯ ಮಧ್ಯಾಹ್ನ ಎರಡು ಗಂಟೆಗೆ ಅದರಲ್ಲಿ ಒಂದು ಬೆರಳು ಅದ್ದಿ ನೋಡಿ. ನಿಮಗೆ ಹಿತವೆನಿಸದಿದ್ದರೆ ಬಟ್ಟಲನ್ನು ನೆರಳಿಗೆ ಸರಿಸಿ. ಲೋಹದ್ದೋ ಪ್ಲಾಸ್ಟಿಕ್ಕಿನದೋ ಆಗಿದ್ದರೆ ಮಣ್ಣಿನದನ್ನು ತನ್ನಿ. ಬೆಳಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ ನೀರು ಬದಲಿಸಿ. ಕಟ್ಟಿಹಾಕಿದ ಪ್ರಾಣಿಯ ಆಯ್ಕೆಯನ್ನು ನಾವು ಕಸಿದುಕೊಂಡಿದ್ದೇವೆ. ಅದರ ಪರವಾಗಿ ಆರಿಸುವ ಹೊಣೆಯೂ ಆ ಹಗ್ಗದ ಜೊತೆಯಲ್ಲೇ ನಮ್ಮ ಕೈಗೆ ಬಂದಿದೆ. ಬಾನಿ ತುಂಬಿದೆಯೆ ಎಂದು ನೋಡಿ ಸುಮ್ಮನಾಗಬೇಡಿ. ಎಷ್ಟು ಬರಿದಾಗಿದೆ ಎಂದು ನೋಡಿ.